ಗ್ಯಾಲರಿಯ ಸೋರಿಕೆ ಅರ್ಧಕ್ಕೆ ಇಳಿದಿದೆ, ಹಳೆ ಡ್ಯಾಮಿಗೆ ಗ್ರೌಟಿಂಗ್ ಮಾಡಿಸಬಹುದೇ?

ಮಣಿಪಾಲ_ಸಿವಿಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಘಟ್ಟದ ಮೇಲಿನ ಒಂದು ಹಳೆ ಜಲವಿದ್ಯುತ್ ಅಣೆಕಟ್ಟಿನ ಮಳೆಗಾಲಪೂರ್ವ ತಪಾಸಣೆಯ ಕೆಲಸ ಉಡುಪಿಯ ನಮ್ಮ ಕಚೇರಿಗೆ ಬಂದಿದೆ. ಅಣೆಕಟ್ಟಿನ ಹೆಸರು ಬರೆಯುವ ಹಾಗಿಲ್ಲ, ಕ್ಷಮಿಸಿ. 1960ರ ದಶಕದ್ದು. ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಬೆರೆಸಿದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗ್ರ್ಯಾವಿಟಿ ಡ್ಯಾಮ್ (ತನ್ನ ತೂಕದಿಂದಲೇ ನೀರನ್ನು ತಡೆಯುವಂಥದ್ದು), ಎತ್ತರ 32 ಮೀಟರ್, 11 ಬ್ಲಾಕ್, ನಡುವೆ 5 ರೇಡಿಯಲ್ ಗೇಟು (ತೋಳುಗಳ ಮೇಲೆ ತಿರುಗಿ ಏಳುವ ಬಾಗಿದ ಗೇಟು), ತಳದಲ್ಲಿ ಒಂದು ಗ್ಯಾಲರಿ (ಡ್ಯಾಮಿನೊಳಗೆ ನಡೆದಾಡುವ ಸುರಂಗ).

ಕಂಡದ್ದು ಇಷ್ಟು. ಗ್ಯಾಲರಿಯ ಚರಂಡಿಯಲ್ಲಿ ಹರಿವು ಅಳೆಯಲು ಇಟ್ಟಿರುವ 90 ಡಿಗ್ರಿ ವಿ-ನಾಚ್‌ನಲ್ಲಿ ಹಳೆ ರಿಜಿಸ್ಟರಿನ ಪ್ರಕಾರ ನೀರಿನ ಎತ್ತರ 100 ಮಿ.ಮೀ. ಇತ್ತು. ಈಗ ಜಲಾಶಯ ಅದೇ ಮಟ್ಟದಲ್ಲಿದ್ದರೂ 75 ಮಿ.ಮೀ. ಇದೆ. ತಳಪಾಯದ ನೀರು ಹೊರಬಿಡುವ 46 ಡ್ರೈನ್ ಹೋಲುಗಳಲ್ಲಿ 25 ಪೂರ್ತಿ ಒಣಗಿವೆ. ಗ್ಯಾಲರಿ ಗೋಡೆಯ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತಿದೆ. ಕೆಳಬದಿಯ ಮುಖದಲ್ಲಿ 4 ಮತ್ತು 5ನೇ ಬ್ಲಾಕಿನಲ್ಲಿ ಮೊದಲು ಇಲ್ಲದ ಒದ್ದೆ ಕಲೆಗಳು ಎದ್ದಿವೆ.

ಗುತ್ತಿಗೆದಾರರ ಸಲಹೆ: ಮೇಲಿನಿಂದ 1.5 ಮೀಟರಿಗೊಂದು ತೂತು ಕೊರೆದು 5 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದಲ್ಲಿ ಸಿಮೆಂಟ್ ಗ್ರೌಟ್, ಅಂದರೆ ತೆಳು ಸಿಮೆಂಟ್ ಹಾಲು, ಹಾಕಿದರೆ ಒದ್ದೆ ನಿಲ್ಲುತ್ತದೆ, ಗ್ಯಾಲರಿಯಲ್ಲಿ ಹೇಗೂ ಸೋರಿಕೆ ಕಡಿಮೆಯಾಗಿದೆಯಲ್ಲ, ತಳದ ಬಗ್ಗೆ ಚಿಂತೆ ಬೇಡ ಎಂದು. ಇದನ್ನು ವರದಿಯಲ್ಲಿ ಶಿಫಾರಸು ಮಾಡಬಹುದೇ? ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಯಾವುದು ಮೊದಲು, ಯಾವುದು ಆಮೇಲೆ?

---

ಸೀತಾನದಿ_ತೀರ:

ಒಳ್ಳೆ ಸಮಯಕ್ಕೆ ಕೇಳಿದಿರಿ. ದಯವಿಟ್ಟು ಈ ಗ್ರೌಟಿಂಗ್ ಶಿಫಾರಸಿಗೆ ಈಗಲೇ ಸಹಿ ಹಾಕಬೇಡಿ. ಗ್ಯಾಲರಿಯ ನೀರು ಕಡಿಮೆಯಾದದ್ದು ಸಮಾಧಾನದ ಸಂಗತಿಯಲ್ಲ, ಈ ವರದಿಯಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕಾದ ದೋಷವೇ ಅದು.

ಮೊದಲು ಲೆಕ್ಕ. 90 ಡಿಗ್ರಿ ವಿ-ನಾಚ್‌ಗೆ ಹರಿವು ಅಂದರೆ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 2.5ರ ಘಾತಕ್ಕೇರಿಸಿ 1.38ರಿಂದ ಗುಣಿಸುವುದು. 100 ಮಿ.ಮೀ.ಗೆ ಸೆಕೆಂಡಿಗೆ 4.36 ಲೀಟರ್, 75 ಮಿ.ಮೀ.ಗೆ 2.13 ಲೀಟರ್. ಅಳತೆಪಟ್ಟಿಯಲ್ಲಿ ಎರಡೂವರೆ ಸೆಂಟಿಮೀಟರ್ ಇಳಿದದ್ದು ಹರಿವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಕೆ. (ನಾಚ್‌ನ ಅಂಚಿನಲ್ಲಿ ಸುಣ್ಣ ಕಟ್ಟಿದ್ದರೆ ಈ ಅಂಕಿಯೇ ತಪ್ಪು. ಅಂಚು ಉಜ್ಜಿ, ಬಕೆಟ್ ಮತ್ತು ಸ್ಟಾಪ್‌ವಾಚ್ ಹಿಡಿದು ಒಮ್ಮೆ ತಾಳೆ ನೋಡಿ.)

ಜಲಾಶಯದ ಮಟ್ಟ ಅದೇ, ಕಟ್ಟಡ ಅದೇ, ಯಾರೂ ದುರಸ್ತಿ ಮಾಡಿಲ್ಲ. ಹಾಗಿರುವಾಗ ಬರುವ ನೀರು ತಾನಾಗಿ ಕಡಿಮೆಯಾಗುವುದಿಲ್ಲ, ಹೊರಬರುವ ದಾರಿ ಕಟ್ಟಿಕೊಂಡಿದೆ ಅಷ್ಟೆ. ಹೊರಬರದ ನೀರು ಅಡಿಯಲ್ಲಿ ನಿಂತು ಡ್ಯಾಮನ್ನು ಮೇಲಕ್ಕೆ ಒತ್ತುತ್ತದೆ. ಡ್ಯಾಮಿನ ಒಳಗಿನ ಪೋರಸ್ ಡ್ರೈನುಗಳೂ (ಗೋಡೆಯೊಳಗೆ ಇಂಗಿದ ನೀರನ್ನು ಗ್ಯಾಲರಿಗೆ ಇಳಿಸುವ, ರಂಧ್ರವಿರುವ ಬ್ಲಾಕಿನ ಕೊಳವೆಗಳು) ಕಟ್ಟಿಕೊಂಡದ್ದರಿಂದ 4 ಮತ್ತು 5ನೇ ಬ್ಲಾಕಿನ ನೀರು ಕೆಳಬದಿಯ ಮುಖಕ್ಕೆ ದಾರಿ ಹುಡುಕಿಕೊಂಡಿದೆ. ನಿಮ್ಮ ಎರಡೂ ಲಕ್ಷಣಗಳಿಗೆ ಕಾರಣ ಒಂದೇ.

ಅಪ್‌ಲಿಫ್ಟ್ (ಹೀಗೆ ಮೇಲಕ್ಕೆ ಒತ್ತುವ ಬಲ) ಎಷ್ಟು ವ್ಯತ್ಯಾಸ ಮಾಡುತ್ತದೆ ಎಂದು ಮೇಲಧಿಕಾರಿಗಳಿಗೆ ಅಂಕಿ ಹಾಕಿಯೇ ತೋರಿಸಿ. 30 ಮೀಟರ್ ನೀರು, 24 ಮೀಟರ್ ತಳದ ಅಗಲ, ನೀರಿನ ಬದಿಗೆ ನೇರ ಗೋಡೆ, ಕೆಳಬದಿಯಲ್ಲಿ ನೀರಿಲ್ಲ ಎಂದು ಸರಳವಾಗಿ ಹಿಡಿಯಿರಿ. 1 ಮೀಟರ್ ಉದ್ದಕ್ಕೆ ಡ್ಯಾಮಿನ ತೂಕ ಸುಮಾರು 864 ಟನ್, ನೀರು ಅಡ್ಡಕ್ಕೆ ತಳ್ಳುವುದು 450 ಟನ್. ಡ್ರೈನ್ ಸಾಲು ಹೀಲಿನಿಂದ (ತಳದ ನೀರಿನ ಬದಿಯ ಅಂಚು) 4 ಮೀಟರ್ ಒಳಗಿದ್ದು ಕೆಲಸ ಮಾಡುತ್ತಿದ್ದರೆ, ಗ್ರ್ಯಾವಿಟಿ ಡ್ಯಾಮ್ ವಿನ್ಯಾಸದ ಭಾರತೀಯ ಮಾನಕ ಐಎಸ್ 6512 ಹೇಳುವಂತೆ ಅಲ್ಲಿ ಒತ್ತಡ ಮೂರನೇ ಒಂದಕ್ಕೆ ಅಂದರೆ 10 ಮೀಟರಿಗೆ ಇಳಿಯುತ್ತದೆ, ಒಟ್ಟು ಅಪ್‌ಲಿಫ್ಟ್ 180 ಟನ್. ಡ್ರೈನು ಪೂರ್ತಿ ಕಟ್ಟಿದರೆ ಹೀಲಿನಿಂದ ಟೋವರೆಗೆ (ಕೆಳಬದಿಯ ಅಂಚಿನವರೆಗೆ) ಒಂದೇ ಇಳಿಜಾರು, 360 ಟನ್. ನೇರ ಇಮ್ಮಡಿ. ಅಡ್ಡಬಲಕ್ಕೂ ಉಳಿದ ತೂಕಕ್ಕೂ ಇರುವ ಅನುಪಾತ 0.66ರಿಂದ 0.89ಕ್ಕೆ ಏರುತ್ತದೆ. ಅದಕ್ಕಿಂತ ಕಳವಳದ್ದು ಬಲರೇಖೆ (ಎಲ್ಲ ಬಲಗಳೂ ಸೇರಿ ತಳವನ್ನು ಒತ್ತುವ ಜಾಗ): ಡ್ರೈನು ಸರಿ ಇದ್ದಾಗ ಟೋದಿಂದ ಸುಮಾರು 9.1 ಮೀಟರಿನಲ್ಲಿ ಬೀಳುವುದು ಕಟ್ಟಿದಾಗ 7.1ಕ್ಕೆ ಸರಿಯುತ್ತದೆ. ಮಧ್ಯದ ಮೂರನೇ ಒಂದು ಭಾಗ ಶುರುವಾಗುವುದೇ 8 ಮೀಟರಿನಲ್ಲಿ. ಬಲರೇಖೆ ಅದರಿಂದ ಹೊರಬಿತ್ತು, ಅಂದರೆ ಹೀಲಿನಲ್ಲಿ ಎಳೆತ ಹುಟ್ಟಿತು. ಅಲ್ಲಿ ಬಿರುಕು ತೆರೆದರೆ ಜಲಾಶಯದ ಪೂರ್ತಿ ಒತ್ತಡ ಅದರೊಳಗೆ ಹೋಗುತ್ತದೆ.

ಇದರರ್ಥ ನಾಳೆಯೇ ಡ್ಯಾಮ್ ಬೀಳುತ್ತದೆ ಎಂದಲ್ಲ. ಡ್ರೈನು ಕೆಲಸ ಮಾಡದ ಸ್ಥಿತಿಯನ್ನೂ ವಿನ್ಯಾಸದಲ್ಲಿ ವಿಪರೀತ ಸಂದರ್ಭವಾಗಿ ಪರಿಶೀಲಿಸಿರುತ್ತಾರೆ. ಆದರೆ ವಿಪರೀತಕ್ಕೆಂದು ಇಟ್ಟ ಅಂಚನ್ನು ದಿನನಿತ್ಯ ತಿಂದುಕೊಂಡು ಕೂತರೆ, ನಿಜವಾದ ಪ್ರವಾಹ ಬಂದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಂಥ ಸ್ಥಿತಿಯಲ್ಲಿ ಮೇಲಿನಿಂದ ಗ್ರೌಟ್ ಸುರಿದರೆ ಅದು ಎಲ್ಲಿಗೆ ಹೋಗುತ್ತದೆ? ಸುಲಭದ ದಾರಿಗೆ, ಅಂದರೆ ಉಳಿದಿರುವ ಪೋರಸ್ ಡ್ರೈನಿಗೆ. ಅರ್ಧ ಜೀವ ಇರುವ ಡ್ರೈನೂ ಸಿಮೆಂಟ್ ತುಂಬಿ ಸಾಯುತ್ತದೆ. ಇನ್ನು 5 ಕೆ.ಜಿ. ಒತ್ತಡ ಹಳೆ ಸುರ್ಕಿ ಗಾರೆಗೆ ತೀರಾ ಹೆಚ್ಚು. ಮೇಲಿನ ಹಂತಗಳಲ್ಲಿ 1ರಿಂದ 2 ಕೆ.ಜಿ. ದಾಟಿದರೆ ಕಲ್ಲಿನ ಸಂದು ಬಾಯಿಬಿಡುತ್ತದೆ, ಮುಖದ ಕಲ್ಲು ಹೊರಕ್ಕೆ ಉಬ್ಬುತ್ತದೆ.

ಈಗ ಮಾಡಬೇಕಾದದ್ದು ಡ್ರೈನ್ ಸ್ವಚ್ಛತೆ. ಗ್ಯಾಲರಿಗೆ ಇಳಿಯುವ ಮೊದಲು ಗ್ಯಾಸ್ ಮೀಟರ್ ಬಿಡಿ. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಲೋವರ್ ಹಾಕದೆ ಯಾರೂ ಇಳಿಯಬಾರದು. ಕಾಡು ಮುಳುಗಿದ ಜಲಾಶಯಗಳ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ವಾಸನೆಯನ್ನೇ ನಂಬಬೇಡಿ, ಪ್ರಮಾಣ ಹೆಚ್ಚಾದಾಗ ಮೂಗಿಗೆ ಅದು ತಿಳಿಯುವುದೇ ಇಲ್ಲ. ದೀಪ 24 ವೋಲ್ಟಿನದ್ದೇ ಇರಲಿ.

ಪ್ರತಿ ತೂತಿಗೂ ತೂಕದ ದಾರ ಇಳಿಸಿ ಈಗಿನ ಆಳ ಬರೆದುಕೊಳ್ಳಿ, ಮೂಲ ನಕ್ಷೆಯ ಆಳದ ಪಕ್ಕದಲ್ಲಿ. ಒಳಗೆ ಕೂತಿರುವುದು ಎಂತದ್ದು ಎಂದು ನೋಡಿ. ಬಿಳಿ, ಗಟ್ಟಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆ ಬರುತ್ತದೆ ಎಂದಾದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಿತ್ತಳೆ ಬಣ್ಣದ ಲೋಳೆಯಾದರೆ ಕಬ್ಬಿಣದ ಬ್ಯಾಕ್ಟೀರಿಯಾ. ಬೂದು ಬಣ್ಣದ ನುಣುಪು ಕೆಸರು ಬಂದರೆ ಅಲ್ಲಿಗೆ ಕೈ ನಿಲ್ಲಿಸಿ, ಅದು ಬೇರೆಯೇ ಕಾಯಿಲೆ. ಈ ಆಮ್ಲ ಪರೀಕ್ಷೆಗೆ ಮಾತ್ರ. ತೂತಿಗೆ ಸುರಿದರೆ ಪದರದ ಜೊತೆ ಗಾರೆಯನ್ನೂ ತಿನ್ನುತ್ತದೆ.

ಲೋಳೆಗೆ 100 ಬಾರ್ ಆಸುಪಾಸಿನ ನೀರಿನ ಜೆಟ್ ಸಾಕು. ಗಟ್ಟಿ ಸುಣ್ಣಕ್ಕೆ ತಿರುಗುವ ನಾಜಲ್ ಹಾಕಿ 200ರಿಂದ 400 ಬಾರ್, ಅದಕ್ಕೂ ಬಗ್ಗದಿದ್ದರೆ ರೋಟರಿ ರೀಮಿಂಗ್ (ತಿರುಗುವ ಬಿಟ್ಟಿನಿಂದ ಕೆರೆಯುವುದು). 75 ಮಿ.ಮೀ. ತೂತಿಗೆ 73ರ ಬಿಟ್. ಬಡಿಯುವ ಡ್ರಿಲ್ ಬೇಡವೇ ಬೇಡ. ಡ್ಯಾಮಿನ ಒಳಗಿನ ಪೋರಸ್ ಡ್ರೈನಿಗೆ ಈ ಒತ್ತಡ ಹಾಕಿದರೆ ಪೋರಸ್ ಬ್ಲಾಕ್ ಪುಡಿಯಾಗುತ್ತದೆ, ಅಲ್ಲಿ ಬ್ರಷ್ ಮತ್ತು ಕಡಿಮೆ ಒತ್ತಡದ ನೀರು ಮಾತ್ರ. ಒಂದು ತೂತಿಗೆ ಬಿಟ್ಟ ನೀರು ಪಕ್ಕದ ತೂತಿನಲ್ಲಿ ಬಂದರೆ ಅದನ್ನೂ ಬರೆಯಿರಿ. ತಳದಲ್ಲಿ ಬಂಡೆಯ ಸಂದು ಎಲ್ಲಿ ಓಡಿದೆ ಎಂಬ ನಕ್ಷೆ ಅದರಿಂದಲೇ ಸಿಗುತ್ತದೆ.

ಕೆಲಸ ಮುಗಿದ ಮೇಲೆ ವಿ-ನಾಚ್ ಓದು ಏರುತ್ತದೆ. ಏರಲೇಬೇಕು. ಇದನ್ನು ವರದಿಯಲ್ಲಿ ಮೊದಲೇ ಬರೆದಿಡಿ, ಇಲ್ಲದಿದ್ದರೆ "ದುರಸ್ತಿ ಮಾಡಿಸಿದ ಮೇಲೆ ಸೋರಿಕೆ ಜಾಸ್ತಿಯಾಯಿತು" ಎಂಬ ಟಿಪ್ಪಣಿ ಬಂದು ನಿಮಗೇ ಮಂಡೆಬಿಸಿ. ಇಳಿಯಬೇಕಾದದ್ದು ಅಪ್‌ಲಿಫ್ಟ್ ಪೈಪಿನ (ತಳದ ಒತ್ತಡ ಅಳೆಯಲು ಇಳಿಸಿದ ಪೈಪು) ಒತ್ತಡ. ಹಳೆ ಪೈಪುಗಳು ಇದ್ದರೆ 0ಯಿಂದ 4 ಕೆ.ಜಿ. ಗೇಜ್ ಕೂರಿಸಿ, ಮುಳ್ಳು ನಿಲ್ಲುವವರೆಗೆ ಕಾಯಿರಿ, ಕೆಲವು ಪೈಪಿಗೆ ಒಂದು ದಿನವೂ ಬೇಕಾಗುತ್ತದೆ. ಗೇಜಿನಲ್ಲಿ 1 ಕೆ.ಜಿ. ಅಂದರೆ ಅದಿರುವ ಮಟ್ಟದಿಂದ 10 ಮೀಟರ್ ನೀರು. ಪೈಪು ಇಲ್ಲದಿದ್ದರೆ ಡ್ರೈನ್ ಹೋಲಿಗೇ ಬಿರಡೆ ಹಾಕಿ ಅಳೆಯುವ ಅಡ್ಡದಾರಿ ಬೇಡ, ಮುಚ್ಚಿದ ಡ್ರೈನಿನಲ್ಲಿ ಸಿಗುವುದು ಮುಚ್ಚಿದ ಸ್ಥಿತಿಯ ಒತ್ತಡ. ಬ್ಲಾಕಿಗೆ ಎರಡರಂತೆ ಡ್ರೈನುಗಳ ನಡುವೆ ಹೊಸ ಪೈಪು ಕೊರೆಸಿ.

---

ಬೈಕಂಪಾಡಿ_ಫ್ಯಾಬ್ರಿಕೇಶನ್:

ಮೇಲಿನವರು ಕಟ್ಟಡದ ವಿಷಯ ಪೂರ್ತಿ ಹೇಳಿದ್ದಾರೆ. ಆದರೆ ಮಾರಾಯ್ರೆ, ನಿಮ್ಮ ಪ್ರಶ್ನೆಯಲ್ಲಿ 5 ಗೇಟಿನ ಬಗ್ಗೆ ಒಂದು ಸಾಲೂ ಇಲ್ಲ. ಜೂನ್ ತಿಂಗಳಲ್ಲಿ ಏಳಬೇಕಾದದ್ದು ಅವೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದ್ದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ಇಳಿಸುವ ತಾತ್ಕಾಲಿಕ ತಡೆ) ಇಳಿಸಿ ನಿಲ್ಲಿಸುವಷ್ಟರಲ್ಲಿ ಸುಮಾರು ಒಂದು ವಾರ ಆಯಿತು. ಕ್ಯಾಲಿಫೋರ್ನಿಯಾದ ಫೋಲ್ಸಮ್ ಡ್ಯಾಮಿನಲ್ಲಿ 1995ರ ಜುಲೈ 17ರಂದು ಮುರಿದದ್ದು ನಿಮ್ಮಲ್ಲಿರುವಂಥದ್ದೇ ರೇಡಿಯಲ್ ಗೇಟು. ಟ್ರನಿಯನ್ ಪಿನ್ನಿನಲ್ಲಿ (ಗೇಟಿನ ತೋಳು ತಿರುಗುವ ಕೀಲು) ತುಕ್ಕು ಹಿಡಿದು ಘರ್ಷಣೆ ಏರಿತ್ತು, ಗೇಟು ಎತ್ತುವಾಗ ತೋಳಿನ ಬ್ರೇಸಿಂಗ್ ಕೈಕೊಟ್ಟಿತು. ಎರಡರಲ್ಲೂ ಮೊದಲು ಹೋದದ್ದು ಗೇಟಿನ ತಗಡಲ್ಲ, ಕಣ್ಣಿಗೆ ಬೀಳದ ಕೊಂಡಿ.

ಹಾಗಾಗಿ ಬಣ್ಣಕ್ಕಿಂತ ಮೊದಲು ಟ್ರನಿಯನ್ ನೋಡಿ. ಗ್ರೀಸ್ ಪಂಪ್ ಮಾಡಿದಾಗ ಇನ್ನೊಂದು ತುದಿಯಲ್ಲಿ ಹಳೆ ಗ್ರೀಸ್ ಹೊರಬರಬೇಕು. ನಿಪ್ಪಲಿನ ಹತ್ತಿರವೇ ಉಕ್ಕಿದರೆ ಒಳದಾರಿ ಗಟ್ಟಿಯಾಗಿದೆ, ಪಿನ್ನಿಗೆ ಒಂದು ಹನಿಯೂ ತಲುಪಿಲ್ಲ. ಗೇಟು ಎತ್ತುವ ಹಾಯ್ಸ್ಟ್ ಮೋಟಾರಿನ ಮೂರೂ ಫೇಸಿನ ಆಂಪಿಯರನ್ನು ಗೇಟು ಕದಲುವ ಕ್ಷಣದಲ್ಲಿ ಮತ್ತು ಅರ್ಧ ಎತ್ತಿದಾಗ ಬರೆದುಕೊಳ್ಳಿ. ಐದೂ ಗೇಟಿನ ಅಂಕಿ ಪಕ್ಕಪಕ್ಕ ಇಟ್ಟರೆ ಯಾವುದು ಬಿಗಿಯುತ್ತಿದೆ ಎಂದು ಗೊತ್ತಾಗುತ್ತದೆ. ತೋಳು ಟ್ರನಿಯನ್ ಹಬ್ಬಿಗೆ ಸೇರುವ ವೆಲ್ಡಿಗೆ ಡೈ ಪೆನಿಟ್ರೆಂಟ್ (ಬಣ್ಣ ಹಚ್ಚಿ ಸಣ್ಣ ಬಿರುಕು ಹುಡುಕುವ) ಪರೀಕ್ಷೆ ಮಾಡಿಸಿ. ಸ್ಕಿನ್ ಪ್ಲೇಟಿಗೆ (ಗೇಟಿನ ಮುಖದ ತಗಡಿಗೆ) ಅಲ್ಟ್ರಾಸಾನಿಕ್ ದಪ್ಪಮಾಪಕ ಹಿಡಿಯಿರಿ, ಮುಖ್ಯವಾಗಿ ಗೇಟು ಕೂರುವ ಸಿಲ್‌ನಿಂದ ಮೇಲಕ್ಕೆ ಅರ್ಧ ಮೀಟರ್.

ತಂತಿ ಹಗ್ಗವನ್ನು ಡ್ರಮ್ಮಿನ ಹತ್ತಿರ ನೋಡಿ ಬಿಡುತ್ತಾರೆ, ಅಲ್ಲಿ ಅದು ಹೊಸದರ ಹಾಗೇ ಇರುತ್ತದೆ. ಕೊಳೆಯುವುದು ಗೇಟಿಗೆ ಕಟ್ಟಿದ ತುದಿಯಲ್ಲಿ, ವರ್ಷದ ಬಹುಪಾಲು ಒದ್ದೆಯಾಗಿರುವ ಒಂದೆರಡು ಮೀಟರಿನಲ್ಲಿ. ಗ್ರೀಸ್ ಒರೆಸಿ ವರ್ನಿಯರ್ ಹಿಡಿಯಿರಿ. ಮೂಲ ವ್ಯಾಸಕ್ಕಿಂತ ಶೇ 7ರಿಂದ 10 ಕಡಿಮೆಯಾಗಿದ್ದರೆ, ಅಥವಾ ಸಾಕೆಟ್ ಬುಡದಲ್ಲೇ ಎಳೆ ತುಂಡಾಗಿದ್ದರೆ ಹಗ್ಗ ಬದಲಿಸಿ. ಬದಲಿಸುವಾಗ ಎರಡೂ ಬದಿಯದ್ದನ್ನು ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಆದರೆ ಹಿಗ್ಗುವುದರಲ್ಲಿ ವ್ಯತ್ಯಾಸ ಬಂದು ಗೇಟು ವಾರೆಯಾಗಿ ಏಳುತ್ತದೆ.

ರಬ್ಬರ್ ಸೀಲಿನ ಗಡಸುತನ ಶೋರ್ ಎ ಮಾಪನದಲ್ಲಿ 65, ಐದು ಆಚೀಚೆ. ಬೋಲ್ಟ್ ಸ್ಟೇನ್‌ಲೆಸ್ಸೇ ಆಗಲಿ. ಗರ್ಡರಿನಲ್ಲಿ ನೀರು ಇಳಿದುಹೋಗಲು ಬಿಟ್ಟ ತೂತುಗಳು ಎಲೆಕಸ ತುಂಬಿ ಮುಚ್ಚಿರುತ್ತವೆ. ಘಟ್ಟದಲ್ಲಿ ಇದು ಪ್ರತಿ ಗೇಟಿನ ಕಥೆ, ತುಕ್ಕು ಅಲ್ಲಿಂದಲೇ ಶುರು. ಬಣ್ಣ ಹೊಡೆಸುವುದಾದರೆ ಎಸ್‌ಎ ಎರಡೂವರೆ ಮಟ್ಟಕ್ಕೆ (ಉಕ್ಕು ಬಹುತೇಕ ಬೆಳ್ಳಗಾಗುವಷ್ಟು) ಬ್ಲಾಸ್ಟಿಂಗ್ ಮಾಡಿಸಿ, ಅದೇ ದಿನ ಪ್ರೈಮರ್. ಮೇ ತಿಂಗಳ ಆರ್ದ್ರತೆಯಲ್ಲಿ ಬ್ಲಾಸ್ಟ್ ಮಾಡಿದ ಉಕ್ಕನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೆಂಪಾಗಿರುತ್ತದೆ.

ಸ್ಟಾಪ್‌ಲಾಗ್ ಇದೆಯೋ, ಕ್ರೇನು ಓಡುತ್ತದೋ, ಅದರ ಲಿಫ್ಟಿಂಗ್ ಬೀಮಿನ ಕೊಕ್ಕೆ ತಾನಾಗಿ ಬಿಡುತ್ತದೋ, ಒಂದನ್ನು ಪೂರ್ತಿ ಇಳಿಸಿ ಎತ್ತಿ ನೋಡಿ. ಹಾಗೆಯೇ ಊರಿನ ಕರೆಂಟ್ ತೆಗೆದು ಡೀಸೆಲ್ ಜನರೇಟರಿನಲ್ಲೇ ಪ್ರತಿ ಗೇಟನ್ನೂ ಎತ್ತಿ. ಮೊದಲ ಮಳೆಗೆ ಲೈನಿನ ಮೇಲೆ ಮರ ಬೀಳುವುದು ನಮ್ಮ ಕಡೆ ಹೊಸದಲ್ಲ. ಹಾಯ್ಸ್ಟ್ ಸೇತುವೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯೋ ಎಂದು ದುರ್ಬೀನಿನಲ್ಲಿ ನೋಡಿಯೇ ಜನರನ್ನು ಹತ್ತಿಸಿ.

---

ಮಣಿಪಾಲ_ಸಿವಿಲ್:

ಇಬ್ಬರಿಗೂ ಧನ್ಯವಾದ. ಆಮ್ಲದ ಪರೀಕ್ಷೆ ಆಯಿತು. ಒಣಗಿದ 25ರಲ್ಲಿ 16ಕ್ಕೆ ನೊರೆ ಬಂತು, 7ರಲ್ಲಿ ಕಿತ್ತಳೆ ಲೋಳೆ, ಎರಡರಲ್ಲಿ ದಾರ ಪೂರ್ತಿ ಇಳಿಯಿತು, ಏನೂ ಕೂತಿಲ್ಲ. ಆದರೆ 9ನೇ ಬ್ಲಾಕಿನಲ್ಲಿ, ಬಲದಂಡೆಯ ಹತ್ತಿರ, ಹರಿಯುತ್ತಿರುವ ಎರಡು ತೂತುಗಳ ನೀರು ತುಸು ಬೂದು ಬಣ್ಣಕ್ಕಿದೆ. ಬಾಟಲಿಯಲ್ಲಿ ಇಟ್ಟರೆ ತಳದಲ್ಲಿ ತೆಳು ಪದರ ಕೂರುತ್ತದೆ. ಅದೇ ದಂಡೆಯ ಕೆಳಬದಿಯಲ್ಲಿ ಡ್ಯಾಮ್ ಮುಗಿದು ಗುಡ್ಡ ಸೇರುವಲ್ಲಿ ಒಂದು ಒರತೆಯೂ ಇದೆ. ಇದು ಮಳೆಗಾಲದ ಒರತೆ ಎಂದು ಅಲ್ಲಿನ ಸಿಬ್ಬಂದಿ ಹೇಳುತ್ತಾರೆ.

---

ಸುರತ್ಕಲ್_ಭೂತಂತ್ರ:

ಮಾರ್ಚ್‌ನಲ್ಲೂ ಹರಿಯುತ್ತಿದ್ದರೆ ಅದು ಮಳೆಗಾಲದ ಒರತೆಯಲ್ಲ. 9ನೇ ಬ್ಲಾಕನ್ನು ಉಳಿದದ್ದರಿಂದ ಬೇರೆ ಮಾಡಿ, ಅಲ್ಲಿ ಜೆಟ್ಟೂ ಬೇಡ, ರೀಮಿಂಗೂ ಬೇಡ. ಸುಣ್ಣ ಕರಗಿ ಬರುವುದು ನಿಧಾನದ ಕಾಯಿಲೆ. ಮಣ್ಣಿನ ಕಣ ಬರುವುದು ಅಂದರೆ ತಳಪಾಯದ ಒಳಗಿನಿಂದ ಏನೋ ಖಾಲಿಯಾಗುತ್ತಿದೆ, ಅದು ನಮಗೆ ಬಿಡುವು ಕೊಡುವುದಿಲ್ಲ.

ನಮ್ಮ ಕಡೆಯ ಗುಡ್ಡಗಳ ರಚನೆ ಗೊತ್ತಲ್ಲ: ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಮಣ್ಣು, ಅದರಡಿ ಗಟ್ಟಿ ಬಂಡೆ. ಬಾವಿ ತೋಡಿದವರಿಗೆಲ್ಲ ಶೇಡಿಯ ಪರಿಚಯ ಇದೆ. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಹರಿದರೆ ಕೊಚ್ಚಿಹೋಗುತ್ತದೆ. ಘಟ್ಟದ ಮೇಲೂ ಇಂಥ ಕಡೆಗಳಿವೆ. ಡ್ಯಾಮಿನ ನಡುಭಾಗ ಬಂಡೆಯ ಮೇಲೆ ಕೂತಿದ್ದರೂ ದಂಡೆಗೆ ಸೇರುವಲ್ಲಿ ಅಗೆತ ಎಷ್ಟು ಆಳಕ್ಕೆ ಹೋಗಿತ್ತು ಎಂಬುದೇ ಮುಖ್ಯ. ಕಟ್ಟುವ ಕಾಲದ ತಳಪಾಯದ ನಕ್ಷೆ ಹುಡುಕಿಸಿ.

ಆ ಎರಡು ತೂತು ಮತ್ತು ಒರತೆ, ಮೂರರಿಂದಲೂ ದಿನಕ್ಕೆ ಒಮ್ಮೆ, ಒಂದೇ ಹೊತ್ತಿಗೆ, 1 ಲೀಟರ್ ನೀರು ಹಿಡಿಯಿರಿ. ಕೂತ ಪದರವನ್ನು ಸೋಸಿ, ಒಣಗಿಸಿ, ತೂಗಿ ಬರೆಯಿರಿ. ತೂಕ ಏರುತ್ತಿದ್ದರೆ ಜಲಾಶಯ ಇಳಿಸಲು ಅದೇ ಆಧಾರ. ನೀರಿನ ತಾಪಮಾನ ಮತ್ತು ವಿದ್ಯುತ್ ವಾಹಕತೆಯನ್ನು ಜಲಾಶಯದ ನೀರಿನ ಜೊತೆ ಹೋಲಿಸಿ. ತಳದ ನೀರಿನ ಅಂಕಿಗೆ ಹತ್ತಿರ ಇದ್ದರೆ ದಾರಿ ನೇರವಾಗಿದೆ, ಗುಡ್ಡದ ಅಂತರ್ಜಲ ಅಲ್ಲ. ಖಾತ್ರಿಗೆ ಬಲದಂಡೆಯ ಹತ್ತಿರ ಫ್ಲೋರೆಸಿನ್ ಬಣ್ಣ ಬಿಟ್ಟು ಒರತೆಯಲ್ಲಿ ಹಸಿರು ಎಷ್ಟು ಹೊತ್ತಿಗೆ ಬರುತ್ತದೆ ನೋಡಿ.

ಒರತೆಯ ಬಾಯಿಗೆ ಸಿಮೆಂಟ್ ಮೆತ್ತಿ ಮುಚ್ಚಲು ಯಾರಿಗೂ ಬಿಡಬೇಡಿ. ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಹೀಗೆ ಪದರ ಹಾಕಿ ಭಾರ ಕೊಡಿ. ನೀರು ಬರಲಿ, ಮಣ್ಣು ನಿಲ್ಲಲಿ. ಇದನ್ನು ಈ ವಾರವೇ ಮಾಡಬಹುದು.

ಬೇಕಾದ ಗ್ರೌಟಿಂಗ್ ಏನಿದ್ದರೂ ಇಲ್ಲಿ, ಅದೂ ಕರ್ಟನ್ ಗ್ರೌಟಿಂಗ್ (ತಳಪಾಯದೊಳಗೆ ನೀರು ತಡೆಯುವ ಸಿಮೆಂಟ್ ಪರದೆ), ಡ್ರೈನ್ ಸಾಲಿಗಿಂತ ನೀರಿನ ಬದಿಗೆ. ಮೊದಲು ತೂತು ಕೊರೆದು ನೀರಿನ ಒತ್ತಡ ಪರೀಕ್ಷೆ ಮಾಡಿ ಲ್ಯೂಜಾನ್ ಎಷ್ಟು ಎಂದು ಹಂತಹಂತಕ್ಕೆ ನೋಡಬೇಕು. 1 ಲ್ಯೂಜಾನ್ ಅಂದರೆ 10 ಬಾರ್ ಒತ್ತಡದಲ್ಲಿ ಮೀಟರಿಗೆ ನಿಮಿಷಕ್ಕೆ 1 ಲೀಟರ್ ನೀರು ಕುಡಿಯುವುದು. 6 ಮೀಟರಿಗೊಂದು ತೂತಿನಿಂದ ಶುರುಮಾಡಿ, ನಡುವೆ ಇನ್ನೊಂದು, ಬೇಕಾದರೆ ಮತ್ತೊಂದು. ಗ್ರೌಟ್ ತೆಳುವಾಗಿ ಶುರುವಾಗಿ, ಕುಡಿಯುತ್ತಲೇ ಹೋದರೆ ಗಟ್ಟಿ ಮಾಡುತ್ತ ಹೋಗಬೇಕು. ಶೇಡಿ ತುಂಬಿದ ಸಂದಿಗೆ ಸಿಮೆಂಟ್ ಇಳಿಯುವುದಿಲ್ಲ, ಮೊದಲು ತೊಳೆಯಬೇಕಾಗುತ್ತದೆ. ಹಾಗೆ ತೊಳೆಯುವುದನ್ನು ಜಲಾಶಯ ಕೆಳಮಟ್ಟದಲ್ಲಿರುವಾಗ ಮಾತ್ರ ಮಾಡಬಹುದು.

---

ಸೀತಾನದಿ_ತೀರ:

ಭೂತಂತ್ರದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 9ನೇ ಬ್ಲಾಕ್ ಎಲ್ಲಕ್ಕಿಂತ ಮೊದಲು. ಏನೂ ಕೂರದೆ ಒಣಗಿದ ಆ ಎರಡು ತೂತು 9ರ ಪಕ್ಕದಲ್ಲಿದ್ದರೆ ಅದನ್ನೂ ಒಟ್ಟಿಗೇ ಓದಬೇಕು, ಅವುಗಳ ನೀರು ಬೇರೆ ದಾರಿ ಹಿಡಿದಿರಬಹುದು.

ಸುಣ್ಣದ ವಿಷಯವನ್ನೂ ನಿರ್ಲಕ್ಷಿಸಬೇಡಿ. ಘಟ್ಟದ ಮಳೆನೀರು ಬಹಳ ಮೃದು, ಸುಣ್ಣಕ್ಕೆ ಹಸಿದ ನೀರು. ಹೊರಬರುವ ನೀರಿನಲ್ಲಿ ಜಲಾಶಯದ ನೀರಿಗಿಂತ ಲೀಟರಿಗೆ 20 ಮಿಲಿಗ್ರಾಂ ಸುಣ್ಣ ಹೆಚ್ಚಿದ್ದರೆ, ಸೆಕೆಂಡಿಗೆ 1 ಲೀಟರ್ ಸೋರಿಕೆಯಲ್ಲಿ ವರ್ಷಕ್ಕೆ ಸುಮಾರು 630 ಕೆ.ಜಿ. ಸುಣ್ಣ ಡ್ಯಾಮಿನಿಂದ ಹೊರಟುಹೋಗುತ್ತದೆ. ಅದಕ್ಕೆ ಮದ್ದು ನೀರಿನ ಬದಿಯ ಮುಖದಲ್ಲಿ: ಸಂದುಗಳನ್ನು 50ರಿಂದ 75 ಮಿ.ಮೀ. ಆಳಕ್ಕೆ ಕೆರೆದು, ತೊಳೆದು, ಕುಗ್ಗದ ಗಾರೆ ತುಂಬಿ, ಎರಡು ವಾರ ಒದ್ದೆ ಇಡುವುದು. ತಮಿಳುನಾಡಿನ ಕಡಂಪಾರೈ ಡ್ಯಾಮಿನಲ್ಲಿ ಇಡೀ ಮುಖಕ್ಕೆ ಪಿವಿಸಿ ಜಿಯೊಮೆಂಬ್ರೇನ್ (ನೀರು ಬಿಡದ ಹಾಳೆ) ಹೊದಿಸಿದ್ದಾರೆ, ಬಾಳಿಕೆಯ ದೃಷ್ಟಿಯಿಂದ ಅದು ಮೇಲು. ಖರ್ಚು ಮತ್ತು ಜಲಾಶಯ ಖಾಲಿ ಇಡುವ ಅವಧಿ ಮಾತ್ರ ದೊಡ್ಡದು.

---

ಬೈಕಂಪಾಡಿ_ಫ್ಯಾಬ್ರಿಕೇಶನ್:

ಸಂದು ಕೆರೆದು ಗಾರೆ ತುಂಬುವ ಈ ಪಾಯಿಂಟಿಂಗನ್ನು ಈ ವರ್ಷವೇ ಶುರು ಮಾಡಬಹುದಲ್ಲ? ಹೇಗೂ 9ನೇ ಬ್ಲಾಕಿಗಾಗಿ ನೀರು ಇಳಿಸುವುದಾದರೆ ಮುಖ ತೆರೆದಿರುತ್ತದೆ.

---

ಸೀತಾನದಿ_ತೀರ:

ತೆರೆದುಕೊಂಡಷ್ಟು ಭಾಗಕ್ಕೆ, 4 ಮತ್ತು 5ನೇ ಬ್ಲಾಕಿಗೆ ಮಾತ್ರ, ಮೇ 10ರೊಳಗೆ ಮುಗಿಯುವಷ್ಟನ್ನೇ ಹಿಡಿಯಿರಿ. ಅರ್ಧ ಕೆರೆದು ಬಿಟ್ಟ ಸಂದಿನ ಮೇಲೆ ನೀರೇರಿದರೆ ಮೊದಲಿಗಿಂತ ಕಡೆ. ಉಳಿದದ್ದು ಮುಂದಿನ ಬೇಸಿಗೆಗೆ.

ಮಣಿಪಾಲದವರೇ, ಕ್ರಮ ಹೀಗಿರಲಿ. ಈ ವಾರ ಒರತೆಗೆ ಜಲ್ಲಿಯ ಫಿಲ್ಟರ್, 9ನೇ ಬ್ಲಾಕಿನ ದಿನದ ಅಳತೆ, ಅಪ್‌ಲಿಫ್ಟ್ ಗೇಜು. ಏಪ್ರಿಲ್‌ನಲ್ಲಿ 9 ಬಿಟ್ಟು ಉಳಿದ ಬ್ಲಾಕುಗಳ ಡ್ರೈನ್ ಸ್ವಚ್ಛತೆ, ಜೊತೆಜೊತೆಗೆ ಟ್ರನಿಯನ್ ಮತ್ತು ಹಗ್ಗ. 9ರ ಪರೀಕ್ಷಾ ತೂತುಗಳ ಫಲಿತಾಂಶ ನೋಡಿ ಕರ್ಟನ್. ಮೇ ಮೂರನೇ ವಾರ ಜನರೇಟರಿನಲ್ಲಿ ಐದೂ ಗೇಟಿನ ಓಟ. ಡ್ಯಾಮಿನ ಒಳಗಿನ ಗ್ರೌಟಿಂಗ್ ಈ ಪಟ್ಟಿಯಲ್ಲೇ ಇಲ್ಲ. ಮುಂದೊಮ್ಮೆ ಮಾಡುವುದಾದರೂ ಪೋರಸ್ ಡ್ರೈನಿನಲ್ಲಿ ನೀರು ಹರಿಸುತ್ತಲೇ ಮಾಡಬೇಕು, ಮುಗಿದ ಮೇಲೆ ಪ್ರತಿ ಡ್ರೈನನ್ನೂ ದಾರ ಇಳಿಸಿ ನೋಡಬೇಕು.

ಇನ್ನೊಂದು. 15 ಮೀಟರಿಗಿಂತ ಎತ್ತರದ್ದಾದ್ದರಿಂದ ನಿಮ್ಮ ಡ್ಯಾಮು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಮಳೆಗಾಲದ ಮೊದಲು ಮತ್ತು ನಂತರದ ತಪಾಸಣೆ ಅದರಲ್ಲಿ ಕಡ್ಡಾಯ. ಬೂದು ನೀರಿನ ಸಂಗತಿಯನ್ನು ಅಂತಿಮ ವರದಿಯವರೆಗೆ ಇಟ್ಟುಕೊಳ್ಳಬೇಡಿ. ಇವತ್ತೇ ಒಂದು ಪುಟದ ಪ್ರತ್ಯೇಕ ಪತ್ರದಲ್ಲಿ, ಬಾಟಲಿಯ ಫೋಟೊ, ತೂತಿನ ಸಂಖ್ಯೆ, ಜಲಾಶಯದ ಮಟ್ಟ, ದಿನಾಂಕ, ಹೊತ್ತು ಬರೆದು ಡ್ಯಾಮಿನ ಮಾಲೀಕರಿಗೆ ತಲುಪಿಸಿ, ಸ್ವೀಕೃತಿ ಪಡೆಯಿರಿ.

---

ಮಣಿಪಾಲ_ಸಿವಿಲ್:

ಪತ್ರ ಸಿದ್ಧವಾಗುತ್ತಿದೆ, ಸಂಜೆಯೊಳಗೆ ಹೋಗುತ್ತದೆ. ನಕ್ಷೆ ನೋಡಿದೆ, ಆ ಎರಡು ಖಾಲಿ ತೂತುಗಳು 8ನೇ ಬ್ಲಾಕಿನ ಕೊನೆಯಲ್ಲಿವೆ, 9ಕ್ಕೆ ತಾಗಿಕೊಂಡೇ. ಅವುಗಳ ಮಧ್ಯೆ ಮೊದಲ ಅಪ್‌ಲಿಫ್ಟ್ ಪೈಪು ಕೊರೆಸಲು ಹೇಳುತ್ತೇನೆ.